ಬಿಟ್ಟಿ ಕೋರ್ಸಿನ ತಾಪತ್ರಯ
ಆನ್‌ಲೈನ್ ಕಲಿಕಾ ತಾಣ ‘ಸ್ವಯಂ’ನಲ್ಲಿ ಎನ್‌ಪಿಟಿಇಎಲ್ ಕೋರ್ಸಿಗೆ ಹೆಸರು ಕೊಡಲು ಕಾಸು ಖರ್ಚಿಲ್ಲ, ತಾಪತ್ರಯ ಶುರುವಾಗುವುದೇ ಅಲ್ಲಿ. ಬಿಟ್ಟಿ ಸಿಕ್ಕಿದ್ದು ತಾನೆ, ನಾಳೆ ನೋಡಿದರಾಯಿತು ಅನ್ನುವಷ್ಟರಲ್ಲಿ ವಾರದ ಅಸೈನ್‌ಮೆಂಟಿನ ಗಡುವು ಮುಗಿದಿರುತ್ತದೆ. 12 ವಾರದ ಕೋರ್ಸಾದರೆ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟುಗಳ ಸರಾಸರಿ ಲೆಕ್ಕಕ್ಕೆ. ಅದಕ್ಕೆ 25 ಅಂಕ. ಉಳಿದ 75 ಪರೀಕ್ಷೆಗೆ. ಪಾಠವೇನೋ ಮನೆಯಲ್ಲೇ, ಆದರೆ ಪರೀಕ್ಷೆಗೆ ಶುಲ್ಕ ಕಟ್ಟಿ ಕೇಂದ್ರಕ್ಕೇ ಹೋಗಬೇಕು! 25ಕ್ಕೆ 10, 75ಕ್ಕೆ 30, ಎರಡೂ ಬಂದರಷ್ಟೇ ಪ್ರಮಾಣಪತ್ರ. ಒಗ್ಗರಣೆ ಹಾಕುತ್ತಾ ದುಪ್ಪಟ್ಟು ವೇಗದಲ್ಲಿ ವಿಡಿಯೊ ಓಡಿಸಿದರೆ ತಲೆಗೆ ಹತ್ತುವುದಿಲ್ಲ. ಸೇರುವ ಮುನ್ನ ಪಠ್ಯಕ್ರಮ ತೆರೆದು, ಮೊದಲೇ ಗೊತ್ತಿರಬೇಕಾದದ್ದೇನು ಅಂತ ನೋಡಿ. ವಾರಕ್ಕೆರಡು ಸಂಜೆ ಬಿಡುವಾಗದಿದ್ದರೆ ಈ ಸೆಮಿಸ್ಟರ್ ಬಿಟ್ಟುಬಿಡಿ, ಮುಂದಿನದಕ್ಕೆ ಸೇರಿ.