ಕೆಲಸ ತೋರಿಸಿದರೆ ಸಾಲದು

ನಿರುದ್ಯೋಗಿ ತರುಣನ ಮೊಬೈಲಿಗೆ ಒಂದು ಆಪ್ ಹಾಕಿಕೊಟ್ಟು, ಬೆನ್ನು ತಟ್ಟಿ ಕಳುಹಿಸಿದರೆ ಉಪಕಾರ ಮುಗಿಯಿತೆಂಬ ಭ್ರಮೆ ಇಂದು ದಾನಿಗಳನ್ನೂ ಸಂಸ್ಥೆಗಳನ್ನೂ ಆವರಿಸಿದೆ.

ತಂತ್ರಜ್ಞಾನವನ್ನು ಹಳಿಯುವುದು ಸಲ್ಲದು. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 2017ರಲ್ಲಿ ಕ್ವಿಕರ್ ಪಾಲಾದ ಬಾಬಾಜಾಬ್, ಮನೆಗೆಲಸದವರು, ಚಾಲಕರು ಮೊದಲಾದವರನ್ನು ಕೆಲಸ ಕೊಡುವವರೊಡನೆ ಜೋಡಿಸಿತು. ಶಿಫಾರಸಿಲ್ಲದವನಿಗೂ ಬಾಗಿಲು ತೆರೆಯಬಹುದೆಂದು ಅದು ತೋರಿಸಿತು. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ನ್ಯಾಯವಿದೆಯೆಂದು ಅರ್ಥವಲ್ಲ.

ಮನೆಮನೆಗೆ ಊಟ ತಲುಪಿಸುವ ಹುಡುಗನನ್ನೇ ನೋಡಬಹುದು. ಬೈಕು ಅವನದು, ಪೆಟ್ರೋಲು ಅವನದು, ಬಿದ್ದರೆ ನೋವೂ ಅವನದು. ದರ ನಿಗದಿ ಮಾತ್ರ ಕಂಪನಿಯದು. ಲಾಭದಲ್ಲಿ ಪಾಲಿಲ್ಲದವನನ್ನು 'ಪಾಲುದಾರ'ನೆಂದು ಕರೆಯುವುದು ಅಸತ್ಯವಲ್ಲದೆ ಮತ್ತೇನು? ನೀತಿ ಆಯೋಗದ 2022ರ ವರದಿಯಂತೆ ದೇಶದಲ್ಲಿ ಇಂಥ ಗಿಗ್ ದುಡಿಮೆಗಾರರು 2020-21ರಲ್ಲಿ 77 ಲಕ್ಷ. 2029-30ರ ಹೊತ್ತಿಗೆ 2.35 ಕೋಟಿಯಾಗುವ ಅಂದಾಜು.

'ಬೇಡವಾದರೆ ಬಿಡಲಿ' ಎನ್ನುವವರಿದ್ದಾರೆ. ಹಸಿದವನ ಒಪ್ಪಿಗೆಯನ್ನು ಸ್ವಾತಂತ್ರ್ಯವೆನ್ನಲಾಗದು. ಆದುದರಿಂದಲೇ ಕರ್ನಾಟಕದ 2025ರ ಕಾಯ್ದೆ, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅವಕಾಶ ಕಲ್ಪಿಸಿದೆ. ಕಾರಣ ತಿಳಿಸದೆ ದುಡಿಮೆಗಾರನನ್ನು ಕೈಬಿಡುವುದಕ್ಕೂ ತಡೆಯೊಡ್ಡಿದೆ.

ಕಾನೂನು ತಾನಾಗಿ ಯಾರ ಮನೆಗೂ ನಡೆದು ಬರುವುದಿಲ್ಲ. ಬಸದಿಯ ಟ್ರಸ್ಟು ವಾರಕ್ಕೊಂದು ಸಂಜೆ ಸಭಾಭವನದಲ್ಲಿ ಒಂದು ಮೇಜು ಹಾಕಲಿ. ತರುಣರ ಹೆಸರನ್ನು 2021ರಲ್ಲಿ ಆರಂಭವಾದ ಇ-ಶ್ರಮ್‌ನಲ್ಲಿ ನೋಂದಾಯಿಸಲಿ. ವಿಮೆಯುಂಟೇ, ಖರ್ಚು ಕಳೆದು ಕೈಗೆಷ್ಟು ಉಳಿಯುವುದು ಎಂದು ಅವರೊಡನೆ ಕುಳಿತು ಲೆಕ್ಕ ಹಾಕಲಿ. ಅಷ್ಟನ್ನೂ ಮಾಡದೆ ಕೆಲಸ ಕೊಡಿಸಿದೆವೆಂದು ವರದಿಯಲ್ಲಿ ಬರೆದುಕೊಳ್ಳುವುದು ಸೇವೆಯಲ್ಲ, ದಲ್ಲಾಳಿತನ.