ಸಮಾಜಶಾಸ್ತ್ರ ‘ಈಜಿ’ ಅಂತೆ!

ತಾಂಬರಂಗೆ ಓದಲು ಬಂದಿರುವ ನಮ್ಮ ಕನ್ನಡದ ಹುಡುಗರಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ: ಸಮಾಜಶಾಸ್ತ್ರ ಈಜಿ. ಯು.ಪಿ.ಎಸ್.ಸಿ.ಗೆ ತಗೊಂಡರೆ ಸಿಲಬಸ್ ಸಣ್ಣದು. ಕಾರ್ಲ್ ಮಾರ್ಕ್ಸನನ್ನು ಓದಿದರೆ ಮಾರ್ಕ್ಸೂ ಬರುತ್ತೆ! ಅಪರಾಧ, ಪೊಲೀಸು, ನ್ಯಾಯ ಎಂದು ಓದುವವರ ಲೆಕ್ಕವೇ ಬೇರೆ. ಅವರಿಗೆ ಕಲಮುಗಳ ಬಾಯಿಪಾಠವೇ ವಿದ್ಯೆ. ಪಾಪ, 2024ರ ಜುಲೈ 1ರಂದು ಮೆಕಾಲೆ ಕಾಲದ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಮೇಲೆ ಅವರ ಬಾಯಿಪಾಠವೆಲ್ಲ ತಲೆಕೆಳಗಾಗಿದೆ. ವಂಚನೆಯ 420 ಈಗ 318. (ಊರ ಬೈಗುಳ ಮಾತ್ರ ಇನ್ನೂ ‘ಫೋರ್ ಟ್ವೆಂಟಿ’ಯೇ. ಅದನ್ನು ತಿದ್ದುವುದು ಪಾರ್ಲಿಮೆಂಟಿನ ಕೈಲೂ ಆಗಲಿಲ್ಲ.)

ಗೆಳೆಯರೇ, ಈ ಎರಡು ವಿಷಯಗಳನ್ನು ಎರಡು ಬೇರೆ ಕೋಣೆಗಳಲ್ಲಿ ಕೂತು ಓದುವುದೇ ಅಪಾಯ ಎಂದು ನನ್ನ ವಾದ. ಯಾಕೆಂದರೆ ಆಳುವವರು ಇವೆರಡನ್ನೂ ಎಂದೋ ಒಂದು ಮಾಡಿಕೊಂಡಿದ್ದರು.

ನಂಬಿಕೆಯಿಲ್ಲದಿದ್ದರೆ ಎಲೆಕ್ಟ್ರಿಕ್ ಟ್ರೈನ್ ಹತ್ತಿ ಎಗ್ಮೋರಿನಲ್ಲಿ ಇಳಿಯಿರಿ. ಅಲ್ಲಿನ ಮ್ಯೂಸಿಯಮ್ಮಿಗೆ 1885ರಿಂದ 1908ರವರೆಗೆ ಎಡ್ಗರ್ ಥರ್ಸ್ಟನ್ ಎಂಬ ಸಾಹೇಬ ಮುಖ್ಯಸ್ಥನಾಗಿದ್ದ. ದಕ್ಷಿಣದ ಜನರ ತಲೆ, ಮೂಗು ಅಳೆಯುವುದು ಅವನ ಹುಚ್ಚು. ರಂಗಾಚಾರಿಯವರ ಜತೆ ಸೇರಿ 1909ರಲ್ಲಿ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದ. ಇದೇ ಅಳತೆಯ ವಿದ್ಯೆಯನ್ನು ಪೊಲೀಸರಿಗೂ ಕಲಿಸಿದ. ಜಾತಿ ಗೊತ್ತಾದರೆ ಗುಣ ಗೊತ್ತಾಯಿತು ಎಂಬುದು ಆಗಿನ ‘ವಿಜ್ಞಾನ’.

ಉತ್ತರದಲ್ಲಿ 1871ರಲ್ಲಿ ಹುಟ್ಟಿದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ಬಂತು. ಇಡೀ ಒಂದು ಕುಲವನ್ನು ಸರ್ಕಾರ ಅಪರಾಧಿ ಎಂದು ಘೋಷಿಸಿದರೆ ಮುಗಿಯಿತು. ಆ ಘೋಷಣೆ ಸರಿಯೇ ಎಂದು ಕೇಳುವ ಹಕ್ಕು ಯಾವ ಕೋರ್ಟಿಗೂ ಇರಲಿಲ್ಲ. ಸಾಕ್ಷಿ ಬೇಡ, ಆರೋಪಪಟ್ಟಿ ಬೇಡ, ಹುಟ್ಟಿದ್ದೇ ಸಾಕು. ಹೆಸರು ನೋಂದಾಯಿಸಬೇಕು, ಹಾಜರಿ ಹಾಕಬೇಕು, ಅಪ್ಪಣೆಯಿಲ್ಲದೆ ಊರು ದಾಟುವಂತಿಲ್ಲ. ಮಕ್ಕಳನ್ನು ಹೆತ್ತವರಿಂದ ಬೇರೆ ಮಾಡಲೂ ಅವಕಾಶವಿತ್ತು. ಕಾನೂನಿನ ವಿದ್ಯಾರ್ಥಿಗೆ ಇಲ್ಲಿ ಕಲಮು ಸಿಗುತ್ತದೆ, ಕಾರಣ ಸಿಗುವುದಿಲ್ಲ. ಕೊರಚ, ಕೊರವರಲ್ಲಿ ಎಷ್ಟೋ ಮಂದಿ ಎತ್ತು, ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ಮಾರುತ್ತಿದ್ದರು. ಸರ್ಕಾರದ ಉಪ್ಪಿನ ನೀತಿ ಬಂತು, ರೈಲು ಬಂತು, ವ್ಯಾಪಾರ ಸತ್ತಿತು. ಅನ್ನ ಕಿತ್ತುಕೊಂಡವರೇ ಆಮೇಲೆ ಅಲೆಮಾರಿಗಳ ಮೇಲೆ ‘ಕಳ್ಳ’ ಎಂದು ಮುದ್ರೆ ಒತ್ತಿದರು. ಇದನ್ನು ಹೇಳಬೇಕಾದದ್ದು ಸಮಾಜಶಾಸ್ತ್ರ. ಅದನ್ನು ಈಜಿ ಅಂತೀರಲ್ಲ!

ನಾನು ಹುಬ್ಬಳ್ಳಿಯವನು. ನಮ್ಮಲ್ಲಿ ಸೆಟ್ಲಮೆಂಟ್ ಅಂತ ಒಂದು ಏರಿಯಾ ಇದೆ, ಗದಗ–ಬೆಟಗೇರಿಯಲ್ಲೂ ಇದೆ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಈ ಕಾಯ್ದೆಯಡಿ ಜನರನ್ನು ತಂದು ಕೂಡಿಹಾಕಿದ ಜಾಗಗಳವು. ತಂತಿಬೇಲಿ ಹೋಗಿದೆ, ಹೆಸರು ಉಳಿದಿದೆ. “ಸಂಜಿ ಆದ್ಮ್ಯಾಲ ಸೆಟ್ಲಮೆಂಟ್ ಕಡೆ ಹೋಗಬ್ಯಾಡೋ ತಮ್ಮಾ” ಅಂತ ನಮ್ಮವ್ವ ಹೇಳೋಳು. ಯಾಕಂತ ಅಕಿಗೂ ಗೊತ್ತಿರಲಿಲ್ಲ, ಅಕಿಗೆ ಅವರವ್ವ ಹೇಳಿದ್ದಳು. ಥರ್ಸ್ಟನ್‌ನ ಏಳು ಸಂಪುಟ ಓದದೇನೇ ಅವನ ಪಾಠ ನಮ್ಮ ಮನಿಯೊಳಗೆ ಬಂದು ಕೂತಿತ್ತು.

ಹಾಸ್ಟೆಲಿನಲ್ಲಿ ಇದನ್ನು ಹೇಳಿದರೆ ಗೆಳೆಯನೊಬ್ಬ, “ಬಿಡೋ ಮಾರಾಯ, ಹಳೇ ಕಥೆ, 1952ರಲ್ಲೇ ಮುಗೀತಲ್ಲ” ಅಂದ. ಹೌದು, 1952ರ ಆಗಸ್ಟ್ 31ಕ್ಕೆ ಕಾಯ್ದೆ ರದ್ದಾಯಿತು. ಮದರಾಸಿನಲ್ಲಿ ಅದಕ್ಕೂ ಮೊದಲೇ ತೆಗೆದರು. ತೆಗೆದವರು 1948ರಲ್ಲಿ ‘ರೂಢಿಗತ ಅಪರಾಧಿಗಳ’ ಕಾಯ್ದೆ ತಂದರು! ಕುಲದ ಹೆಸರು ಅಳಿಸಿ ‘ರೂಢಿ’ ಅಂತ ಬರೆದರು, ಅಷ್ಟೆ. 2024ರ ಅಕ್ಟೋಬರ್ 3ರಂದು, ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಏನು ಹೇಳಿತು ನೋಡಿ: ಜೈಲಿನ ರಿಜಿಸ್ಟರಿನಿಂದ ಜಾತಿಯ ಕಾಲಮ್ಮು ತೆಗೆಯಿರಿ, ಜಾತಿ ನೋಡಿ ಒಬ್ಬನಿಗೆ ಸೌಟು, ಇನ್ನೊಬ್ಬನಿಗೆ ಕಸಬರಿಗೆ ಕೊಡಬೇಡಿ, ವಿಮುಕ್ತ ಬುಡಕಟ್ಟಿನವರನ್ನು ಮನಬಂದಂತೆ ಬಂಧಿಸಬೇಡಿ. ಮುಗಿದ ಕಥೆಯಾಗಿದ್ದರೆ ಎಪ್ಪತ್ತೆರಡು ವರ್ಷದ ಮೇಲೆ ಈ ಮಾತು ಹೇಳಬೇಕಿತ್ತೇ?

ನಾಳೆ ನಮ್ಮಲ್ಲೇ ಇಬ್ಬರು ಮೂವರು ಖಾಕಿ ಹಾಕುತ್ತಾರೆ, ಒಬ್ಬ ಕರಿ ಕೋಟು ಹಾಕುತ್ತಾನೆ. ಹಾಕಲಿ, ಸಂತೋಷ. ಆದರೆ ರಾತ್ರಿ ಕಳವಾದಾಗ ಜೀಪು ಮೊದಲು ಯಾವ ಓಣಿಗೆ ಹೋಗಬೇಕೆಂದು ಹೇಳುವವರು ಇವರೇ. ಆ ಹೊತ್ತಿಗೆ ಇವರ ತಲೆಯಲ್ಲಿ 318ನೇ ಕಲಮು ಇದ್ದರೆ ಸಾಲದು, ಆ ಓಣಿಗೆ ಆ ಹೆಸರು ಹೇಗೆ ಬಂತೆಂಬುದೂ ಇರಬೇಕು.

ಈ ರಜೆಗೆ ಊರಿಗೆ ಹೋಗುವವರು ಒಂದು ದಿನ ತಾಲ್ಲೂಕು ಕೋರ್ಟಿನಲ್ಲಿ ಹೋಗಿ ಕೂತು ಬನ್ನಿ. ಕಟಕಟೆಯಲ್ಲಿ ನಿಂತವನು ಯಾವ ಓಣಿಯವನು, ಏನು ಕೆಲಸ ಮಾಡುತ್ತಿದ್ದ, ಅವನ ಪರ ವಕೀಲರು ಯಾರಾದರೂ ಇದ್ದರೆ—ಇಷ್ಟನ್ನೇ ಬರೆದು ತನ್ನಿ, ಹೆಸರು ಬೇಡ, ಕನ್ನಡದಲ್ಲಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಖಾಲಿ ಬಿಡಲು ಸಂಪಾದಕರು ಒಪ್ಪಿದ್ದಾರೆ.