ಒಂದು ಹಲಗೆಯ ಮೇಲಿನ ರೈಲುದಾರಿ

ಉಡುಪಿಯಿಂದ ತೆಂಕಣಕ್ಕೆ ಹೊರಟ ರೈಲುಗಾಡಿ ಕಾಪುವಿನ ಸಮೀಪದ ಇನ್ನಂಜೆಯಲ್ಲಿ ಕೆಲವೊಮ್ಮೆ ಕಾರಣವಿಲ್ಲದೆ ನಿಂತಂತೆ ತೋರುವುದುಂಟು. ಪ್ರಯಾಣಿಕರು ಗೊಣಗುತ್ತಾರೆ. ಸ್ವಲ್ಪ ಹೊತ್ತಿಗೆ ಎದುರಿನಿಂದ ಬಂದ ಗಾಡಿ ಪಕ್ಕದ ಹಳಿಯ ಮೇಲೆ ಹಾದುಹೋದಾಗ ಕಾರಣ ತಿಳಿಯುತ್ತದೆ. 1998ರಲ್ಲಿ ಪೂರ್ಣವಾಗಿ ತೆರೆದ, ಸುಮಾರು 740 ಕಿಲೋಮೀಟರ್ ಉದ್ದದ ಕೊಂಕಣ ರೈಲ್ವೆಯ ಬಹುಭಾಗದಲ್ಲಿ ಇರುವುದು ಒಂದೇ ಜೋಡಿ ಹಳಿ. ಎದುರುಬದುರಾಗಿ ಬರುವ ಗಾಡಿಗಳಲ್ಲಿ ಒಂದು ನಿಲ್ದಾಣದಲ್ಲಿ ಬದಿಗೆ ಸರಿದು ಕಾಯಲೇಬೇಕು. ಇಕ್ಕಟ್ಟನ್ನು ಯುಕ್ತಿಯಿಂದ ನಿಭಾಯಿಸುವ ಈ ಪಾಠವನ್ನು ಒಂದು ಮೇಜಿನ ಮೇಲೆಯೂ ಕಲಿಯಬಹುದು. ಮಾದರಿ ರೈಲುದಾರಿಯನ್ನು ಆಟಿಕೆಯೆಂದು ತಳ್ಳಿಬಿಡದೆ ನಮ್ಮ ಶಾಲೆಗಳು ಪ್ರಯೋಗಶಾಲೆಗೆ ಬರಮಾಡಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಅಷ್ಟು ಜಾಗವೆಲ್ಲಿದೆ ಎಂಬುದು ಮೊದಲನೆಯ ಆಕ್ಷೇಪ. ಎಂಟಡಿ ಉದ್ದ, ನಾಲ್ಕಡಿ ಅಗಲದ ಒಂದು ಪ್ಲೈವುಡ್ ಹಲಗೆ ಸಾಕು. ‘ಎಚ್‌ಓ’ ಎಂಬ ಅಳತೆಯಲ್ಲಿ ಮಾದರಿಯು ನಿಜವಾದ ಗಾಡಿಯ 87ನೆಯ ಒಂದು ಪಾಲು. ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಕೊಂಕಣ ಮಾರ್ಗವನ್ನು ರಚಿಸುವಾಗ ಅತ್ಯಂತ ಬಿಗಿಯಾದ ತಿರುವಿಗೂ 1,250 ಮೀಟರ್ ತ್ರಿಜ್ಯವಿರಬೇಕೆಂದು ಗೊತ್ತುಮಾಡಿದ್ದರು. ಇದನ್ನು 87ರಿಂದ ಭಾಗಿಸಿದರೆ 14 ಮೀಟರಿಗೂ ಮಿಗಿಲಾಗುತ್ತದೆ; ತರಗತಿಯ ಕೋಣೆಯೇ ಸಾಲದು! ನಮ್ಮ ಹಲಗೆಗೆ ಹಿಡಿಸುವುದು 45 ಸೆಂಟಿಮೀಟರ್ ತ್ರಿಜ್ಯ ಮಾತ್ರ. ಆದಕಾರಣ ಗಿಡ್ಡ ಡಬ್ಬಿಗಳನ್ನು ಆರಿಸಬೇಕು, ವೇಗವನ್ನು ತಗ್ಗಿಸಬೇಕು, ತಿರುವನ್ನು ಗುಡ್ಡದ ಸುರಂಗದೊಳಗೆ ಮರೆಮಾಡಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯೇ ಎಂಜಿನಿಯರನ ವಿದ್ಯೆ. ಜಾಗ ಧಾರಾಳವಾಗಿದ್ದರೆ ಅದನ್ನು ಕಲಿಯುವ ಪ್ರಸಂಗವೇ ಬಾರದು.

ಹಳಿ ಹಾಸಿದ ಮೇಲೆ ತಂತಿಯ ಕೆಲಸ. 2022ರಲ್ಲಿ ವಿದ್ಯುದೀಕರಣ ಮುಗಿದ ಕೊಂಕಣ ಮಾರ್ಗದಲ್ಲಿ ಗಾಡಿಯ ನೆತ್ತಿಯ ಮೇಲಿನ ತಂತಿಗೆ 25,000 ವೋಲ್ಟ್. ನಮ್ಮ ಹಳಿಗಳಿಗೆ 12 ವೋಲ್ಟಿನ ಏಕಮುಖ ಪ್ರವಾಹ. ಅದು ಒಂದು ಹಳಿಯಿಂದ ಚಕ್ರದ ಮೂಲಕ ಮೋಟಾರನ್ನು ಹೊಕ್ಕು ಇನ್ನೊಂದು ಹಳಿಯಿಂದ ಮರಳುತ್ತದೆ. ಧನ, ಋಣ ತುದಿಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ ಓಡುತ್ತದೆ. ಎರಡು ಗಾಡಿಗಳಿದ್ದರೆ? ಎರಡೂ ಒಮ್ಮೆಗೇ ಹೊರಟುಬಿಡುತ್ತವೆ. ಆದುದರಿಂದ ನಿಲ್ದಾಣದ ಎರಡು ದಾರಿಗಳಲ್ಲಿಯೂ ಒಂದು ಹಳಿಯನ್ನು ಎರಡೆರಡು ಕಡೆ ಕತ್ತರಿಸಿ, ಆ ತುಂಡುಗಳಿಗೆ ಬೇರೆಬೇರೆ ಸ್ವಿಚ್ಚುಗಳ ಮೂಲಕ ಪ್ರವಾಹ ಕೊಡಬೇಕು. ಒಂದನ್ನು ಆರಿಸಿದರೆ ಅಲ್ಲಿಯ ಗಾಡಿ ನಿಂತು ಇನ್ನೊಂದಕ್ಕೆ ದಾರಿ ಬಿಡುತ್ತದೆ. ಇನ್ನಂಜೆಯಲ್ಲಿ ಕಂಡದ್ದೂ ಇದನ್ನೇ.

ತಪ್ಪುಗಳೂ ಇಲ್ಲಿ ಗುರುಗಳೇ. ಗಾಡಿ ತಿರುಗಿ ಬಂದ ದಾರಿಗೇ ಸೇರಲೆಂದು ನಾವೊಮ್ಮೆ ಕುಣಿಕೆಯಾಕಾರದ ಹಳಿ ಹಾಸಿದೆವು. ನಕ್ಷೆಯಲ್ಲಿ ಅದು ಬಹಳ ಚೆನ್ನಾಗಿ ಕಂಡಿತ್ತು. ಸ್ವಿಚ್ಚು ಹಾಕಿದೊಡನೆ ಶಾರ್ಟ್ ಸರ್ಕ್ಯೂಟ್! ಎಡದ ಹಳಿ ಸುತ್ತಿ ಬಂದು ಬಲದ ಹಳಿಯನ್ನೇ ಕೂಡಿತ್ತು. ಕುಣಿಕೆಯ ಎರಡು ಹಳಿಗಳನ್ನೂ ಎರಡು ತುದಿಗಳಲ್ಲಿ ಬೇರ್ಪಡಿಸಿ ಪ್ರತ್ಯೇಕ ಸ್ವಿಚ್ಚು ಕೊಟ್ಟ ಮೇಲೆಯೇ ಗಾಡಿ ಓಡಿತು. ಕರಾವಳಿಯ ಮಳೆಗಾಲದ ತೇವವೂ ಪರೀಕ್ಷೆಗೆ ಬರುತ್ತದೆ. ಹಳಿಯ ಜೋಡಣೆಗಳಲ್ಲಿ ಕಿಲುಬು ಕಟ್ಟಿ ರೋಧ ಹೆಚ್ಚುತ್ತದೆ. ದೂರದ ತುದಿಯಲ್ಲಿ ಗಾಡಿ ತೆವಳುತ್ತದೆ. ನಾಲ್ಕಾರು ಕಡೆ ತಂತಿಯನ್ನು ಬೆಸೆದು ಪ್ರವಾಹ ಕೊಟ್ಟರೆ ಚುರುಕಾಗುತ್ತದೆ. ಓಮನ ನಿಯಮವನ್ನು ಹೀಗೆ ಕಂಡವನು ಅದನ್ನು ಮರೆಯಲಾರ. ಆದರೆ ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೆ ವಿದ್ಯುತ್ತಿನ ಪಾಠವು ದಾಖಲೆ ಪುಸ್ತಕದ ಚಿತ್ರದೊಂದಿಗೇ ಮುಗಿದುಹೋಗುತ್ತದೆ!

ಇದು ಮಕ್ಕಳಾಟವೆನ್ನುವವರು ಒಂದು ಸಂಗತಿಯನ್ನು ಗಮನಿಸಲಿ. ಅಮೆರಿಕದ ಎಂ.ಐ.ಟಿ.ಯಲ್ಲಿ 1946ರಲ್ಲಿ ಮಾದರಿ ರೈಲು ಸಂಘವೊಂದು ಹುಟ್ಟಿತು. ಅಲ್ಲಿ ಟೆಲಿಫೋನಿನ ರಿಲೇಗಳನ್ನು ಜೋಡಿಸಿ ಗಾಡಿ ನಡೆಸಿದ ವಿದ್ಯಾರ್ಥಿಗಳಲ್ಲಿ ಕೆಲವರು, 1950ರ ದಶಕದ ಕೊನೆಯ ಹೊತ್ತಿಗೆ ಕಂಪ್ಯೂಟರಿನತ್ತ ತಿರುಗಿ, ಆ ವಿದ್ಯೆಯ ಮೊದಲಿಗರಲ್ಲಿ ಎಣಿಕೆಯಾದರು.

ಎಂಜಿನ್ನು, ಹಳಿಗಳ ಬೆಲೆ ಹೆಚ್ಚೆಂಬುದು ನಿಜ. ಆದರೆ ಒಬ್ಬೊಬ್ಬರೂ ಕೊಳ್ಳಬೇಕಾಗಿಲ್ಲ, ಶಾಲೆಗೊಂದು ಸಾಕು. ಗುಡ್ಡ, ಸೇತುವೆ, ನಿಲ್ದಾಣಗಳು ರಟ್ಟು, ಬಿದಿರುಗಳಿಂದಾದಾವು. ಮನೆಯ ವಿದ್ಯುತ್ತನ್ನು 12 ವೋಲ್ಟಿಗಿಳಿಸುವ ಪೆಟ್ಟಿಗೆಯನ್ನು ಮಾತ್ರ ಸಿದ್ಧವಾಗಿಯೇ ಕೊಳ್ಳಬೇಕು. ಅದರಲ್ಲಿ ಸಾಹಸ ಕೂಡದು. ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ರಜೆಯ ಕೆಲವು ದಿನಗಳನ್ನು ಸುತ್ತಲಿನ ಪ್ರೌಢಶಾಲೆಗಳಿಗೆ ಕೊಟ್ಟರೆ ಕೆಲಸ ಇನ್ನೂ ಸುಲಭ. ಕಾರ್ಕಳ ಪಟ್ಟಣಕ್ಕೆ ಇಂದಿಗೂ ರೈಲು ಬಂದಿಲ್ಲ. ಅಲ್ಲಿಯ ಶಾಲೆಯೊಂದರ ಮೇಜಿನ ಮೇಲೆ ಅದು ಓಡುವುದಕ್ಕೆ ಯಾವ ಮಂತ್ರಾಲಯದ ಅಪ್ಪಣೆಯೂ ಬೇಕಾಗಿಲ್ಲ.